ಸಾಕಿದ ಮಗು ಯಾರದು? ಕೋರ್ಟಿಗೆ ಹೋಗುವ ಮುನ್ನ ಮನೆಯಲ್ಲೇ ಕೇಳಬೇಕಾದ ಪ್ರಶ್ನೆ

ಶವ್ವಾಲ್ ತಿಂಗಳಲ್ಲಿ ನಮ್ಮ ಮದ್ರಸಗಳಲ್ಲಿ ಹೊಸ ವರ್ಷದ ಪಾಠ ಶುರುವಾಗುತ್ತದೆ. ಆ ವಾರ ಉಸ್ತಾದರಿಗೆ ಪಾಠಕ್ಕಿಂತ ಬರೆಯುವ ಕೆಲಸವೇ ಜಾಸ್ತಿ. ಮಗುವಿನ ಹೆಸರು, ಮನೆ ಹೆಸರು, ತಂದೆಯ ಹೆಸರು, ಫೋನ್ ನಂಬರ್ ಎಲ್ಲವನ್ನೂ ರಿಜಿಸ್ಟರಿನಲ್ಲಿ ತುಂಬಬೇಕು. ಕೆಲವು ವರ್ಷಗಳ ಹಿಂದೆ ನಾವು ಹೀಗೆ ಬರೆಯುತ್ತಾ ಕುಳಿತಿದ್ದಾಗ ನಮ್ಮ ಜಮಾಅತಿನ ಒಬ್ಬರು ಐದು ವರ್ಷದ ಹೆಣ್ಣುಮಗುವನ್ನು ಕೈಹಿಡಿದು ಕರೆತಂದರು. ಬಂದರಿನಲ್ಲಿ ಒಣಮೀನಿನ ವ್ಯಾಪಾರ ಅವರದು. ಒಳ್ಳೆಯ ಮನುಷ್ಯ, ಸುಬ್ಹಿ ನಮಾಝಿಗೆ ಮೊದಲ ಸಫ್‌ನಲ್ಲಿ ಇರುವವರು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ಆ ಮಗು ಅವರ ಪತ್ನಿಯ ತಂಗಿಯದು ಎಂದು ನಮಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

‘ತಂದೆಯ ಹೆಸರು’ ಕಾಲಂ ಬಂದಾಗ ನಾವು ಪೆನ್ನು ಎತ್ತಿ ಅವರ ಮುಖ ನೋಡಿದೆವು. ಅವರು ಮೆಲ್ಲಗೆ, ‘ಉಸ್ತಾದ್, ನನ್ನ ಹೆಸರೇ ಬರೆಯಿರಿ. ಶಾಲೆಯಲ್ಲೂ ಹಾಗೆಯೇ ಕೊಟ್ಟಿದ್ದೇನೆ. ಮಗುವಿಗೆ ಎಂತದೂ ಗೊತ್ತಿಲ್ಲ’ ಎಂದರು. ಕುರ್‌ಆನಿನ ಅಲ್ ಅಹ್ಝಾಬ್ ಅಧ್ಯಾಯದ ಐದನೇ ವಚನ ನಮಗೆ ಗೊತ್ತಿಲ್ಲದ್ದಲ್ಲ. ಸಾಕಿದ ಮಕ್ಕಳನ್ನು ಅವರ ಹೆತ್ತ ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ಅಲ್ಲಿ ಆಜ್ಞೆಯಿದೆ. ಆದರೂ ಆ ಮಗು ಅವರ ಲುಂಗಿಯ ಅಂಚು ಹಿಡಿದು ನಿಂತಿದ್ದದ್ದು ನೋಡಿ ನಮ್ಮ ಮನಸ್ಸು ಕರಗಿತು. ಬರೆದುಬಿಟ್ಟೆವು. ಅದು ನಾವು ಮಾಡಿದ ತಪ್ಪು. ಈ ಲೇಖನ ಶುರುವಾಗುವುದೇ ಆ ತಪ್ಪಿನಿಂದ.

ನಮ್ಮ ಬ್ಯಾರಿ ಮನೆಗಳಲ್ಲಿ ಸಂಬಂಧಿಕರ ಮಗುವನ್ನು ಸಾಕುವುದು ಹೊಸ ವಿಷಯವಲ್ಲ. ಹೆರಿಗೆಯಲ್ಲಿ ತಾಯಿ ತೀರಿಕೊಂಡರೆ ಅಜ್ಜಿಯೋ ದೊಡ್ಡಮ್ಮನೋ ಎತ್ತಿಕೊಳ್ಳುತ್ತಾರೆ. ತಂದೆ ಗಲ್ಫಿನಲ್ಲಿದ್ದರೆ ಮಗು ಮಾಮನ ಮನೆಯಲ್ಲಿ ಬೆಳೆಯುತ್ತದೆ. ಮಕ್ಕಳಿಲ್ಲದ ಅಕ್ಕನಿಗೆ ತಂಗಿ ತನ್ನ ಮೂರನೆಯದನ್ನು ಕೊಡುತ್ತಾಳೆ. ಒಂದು ಕಾಗದ ಬರೆಯುವುದಿಲ್ಲ, ಸಾಕ್ಷಿ ಇಡುವುದಿಲ್ಲ. ಪ್ರೀತಿಯಿಂದ ಕೊಟ್ಟದ್ದು, ಪ್ರೀತಿಯಿಂದ ತೆಗೆದುಕೊಂಡದ್ದು. ಸಾಕಿದವರು ಬದುಕಿರುವಷ್ಟು ದಿನ ಎಲ್ಲವೂ ಸರಿಯಾಗಿರುತ್ತದೆ. ಅವರಲ್ಲೊಬ್ಬರು ಕಣ್ಣು ಮುಚ್ಚಿದ ಮೇಲೆ ಪ್ರಶ್ನೆಗಳು ಏಳುತ್ತವೆ.

ಇದ್ದತ್ ಮುಗಿಯುವ ಮೊದಲೇ

ಆ ವ್ಯಾಪಾರಿ ಒಂದು ರಾತ್ರಿ ಎದೆನೋವೆಂದು ಹೇಳಿ ಆಸ್ಪತ್ರೆಗೆ ಹೋದವರು ಮಯ್ಯಿತ್ ಆಗಿಯೇ ಮನೆಗೆ ಬಂದರು. ಆಗ ಹುಡುಗಿಗೆ ಹನ್ನೊಂದು ವರ್ಷ. ವಿಧವೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಅದು ಮುಗಿಯುವ ಮೊದಲೇ ಆ ಮನೆಯ ಬಾಗಿಲಿಗೆ ಎರಡು ಕಡೆಯವರು ಬಂದರು.

ಒಂದು ಕಡೆ, ತೀರಿಕೊಂಡವರ ಅಣ್ಣತಮ್ಮಂದಿರು. ರಸ್ತೆಬದಿಯ ಎರಡು ಅಂಗಡಿ ಕೋಣೆಗಳು ಅವರ ಹೆಸರಿನಲ್ಲಿದ್ದವು. ‘ಅದು ಮಗಳಿಗೆ’ ಎಂದು ಅಸರ್ ನಮಾಝ್ ಮುಗಿಸಿ ಮಸೀದಿ ಜಗಲಿಯಲ್ಲಿ ಕೂತು ಅವರು ಹೇಳಿದ್ದನ್ನು ನಾವೇ ಕಿವಿಯಾರೆ ಕೇಳಿದ್ದೇವೆ. ಆದರೆ ಬರೆದಿರಲಿಲ್ಲ, ಬಿಟ್ಟುಕೊಟ್ಟೂ ಇರಲಿಲ್ಲ. ‘ಸಾಕಿದ ಮಗುವಿಗೆ ಮೀರಾಸ್ ಇಲ್ಲ’ ಎಂದರು ಅಣ್ಣತಮ್ಮಂದಿರು. ಶರೀಅತ್ ಪ್ರಕಾರ ಆ ಮಾತು ಸುಳ್ಳಲ್ಲ.

ಇನ್ನೊಂದು ಕಡೆ, ಮಗುವನ್ನು ಹೆತ್ತ ತಂದೆ. ಪತ್ನಿ ತೀರಿಕೊಂಡಾಗ ಅವರು ದಮಾಮಿನಲ್ಲಿದ್ದರು. ನಲ್ವತ್ತು ದಿನದ ಕೂಸನ್ನು ನಾದಿನಿಯ ಕೈಗೆ ಕೊಟ್ಟು ಹೋದರು. ಎರಡು ವರ್ಷದ ಮೇಲೆ ಬೇರೆ ಜಮಾಅತಿನಲ್ಲಿ ನಿಕಾಹ್ ಆಯಿತು, ಇಬ್ಬರು ಗಂಡುಮಕ್ಕಳಾದರು. ಈಗ ಕೆಲಸ ಬಿಟ್ಟು ಊರಿಗೆ ಬಂದಿದ್ದರು. ‘ಸಾಕಿದವರು ಹೋದರು. ಗಂಡಸಿಲ್ಲದ ಮನೆ. ನನ್ನ ಮಗಳನ್ನು ನಾನು ಕರೆದುಕೊಂಡು ಹೋಗುತ್ತೇನೆ’ ಎಂದರು. ಈ ಮಾತು ಕೂಡ ಸುಳ್ಳಲ್ಲ. ತಂದೆ ಬದುಕಿರುವಾಗ ವಲೀ ತಂದೆಯೇ.

ಹೀಗೆ ಎರಡು ಸತ್ಯಗಳ ನಡುವೆ ಒಂದು ಹುಡುಗಿ ಸಿಕ್ಕಿಬಿದ್ದಳು. ಆಕೆಗೆ ಇದು ಯಾವುದೂ ಗೊತ್ತಿರಲಿಲ್ಲ. ‘ಉಪ್ಪ’ ಎಂದು ಕರೆದವರು ಮಣ್ಣಿಗೆ ಹೋಗಿದ್ದರು. ಅಂಗಳದಲ್ಲಿ ನಿಂತ ಅಪರಿಚಿತರೊಬ್ಬರು ‘ನಾನು ನಿನ್ನ ಉಪ್ಪ’ ಎನ್ನುತ್ತಿದ್ದರು.

ಜಮಾಅತಿನ ಹಿರಿಯರು ಮೂರು ಸಲ ಕೂರಿಸಿ ಮಾತಾಡಿದರು. ನಾವೂ ಕುಳಿತಿದ್ದೆವು. ಮಾತು ಹೊಂದಲಿಲ್ಲ. ಕೊನೆಗೆ ದೊಡ್ಡಮ್ಮ ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ತಂದೆಯ ಕಡೆಯವರು ತಕರಾರು ಸಲ್ಲಿಸಿದರು.

ಕಾನೂನಿನ ಎರಡು ದಾರಿಗಳು

ಈ ಪ್ರಕರಣದ ನೆಪದಲ್ಲಿ ನಾವು ಹಲವು ಸಲ ವಕೀಲರ ಕಚೇರಿಯ ಬೆಂಚಿನಲ್ಲಿ ಕೂತೆವು. ಕೇಳಿ, ಓದಿ ತಿಳಿದುಕೊಂಡದ್ದನ್ನು ಸರಳವಾಗಿ ಇಲ್ಲಿ ಹೇಳುತ್ತೇವೆ. ನಮ್ಮಲ್ಲಿ ತುಂಬ ಮಂದಿಗೆ ಇದರಲ್ಲಿ ಗೊಂದಲವಿದೆ.

ಮೊದಲನೆಯ ದಾರಿ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ. ಮುಸ್ಲಿಮರು ಹಿಂದಿನಿಂದಲೂ ಹೆಚ್ಚಾಗಿ ಹಿಡಿದ ದಾರಿ ಇದು. ಇದು ದತ್ತು ಅಲ್ಲ. ಮಗುವನ್ನು ನೋಡಿಕೊಳ್ಳುವ ಪಾಲಕರು ಯಾರು ಎಂದು ಕೋರ್ಟು ನಿಶ್ಚಯಿಸುತ್ತದೆ, ಅಷ್ಟೆ. ಮಗುವಿನ ವಂಶ ಬದಲಾಗುವುದಿಲ್ಲ, ತಂದೆಯ ಹೆಸರು ಬದಲಾಗುವುದಿಲ್ಲ. ನಮ್ಮ ಕಿತಾಬುಗಳು ‘ಕಫಾಲ’ ಎಂದು ಹೇಳುವ ಹೊಣೆಗಾರಿಕೆಗೆ ಇದು ಹತ್ತಿರ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂದ ಮೇಲೆ, ಅಂಥ ನ್ಯಾಯಾಲಯ ಇರುವ ಕಡೆ ಮಗುವಿನ ಪಾಲನೆ ಮತ್ತು ಕಸ್ಟಡಿಯ ಅರ್ಜಿಗಳು ಅಲ್ಲಿಗೇ ಹೋಗುತ್ತವೆ.

ಎರಡನೆಯದು ಬಾಲನ್ಯಾಯ ಕಾಯ್ದೆಯ ದಾರಿ. ಇದು ನಿಜವಾದ ದತ್ತು. ಆದೇಶವಾದ ಮೇಲೆ ಕಾನೂನಿನ ಕಣ್ಣಿನಲ್ಲಿ ಆ ಮಗು ಎಲ್ಲ ರೀತಿಯಲ್ಲೂ ದತ್ತು ಪಡೆದವರದೇ ಮಗು, ಆಸ್ತಿಯ ವಿಷಯದಲ್ಲೂ ಕೂಡ. ಈ ದಾರಿ ಎಲ್ಲ ಧರ್ಮದವರಿಗೂ ತೆರೆದಿದೆ ಎಂದು ಸುಪ್ರೀಂ ಕೋರ್ಟ್ 2014ರ ಫೆಬ್ರವರಿಯಲ್ಲಿ ಹೇಳಿತು. ಅದೇ ತೀರ್ಪಿನಲ್ಲಿ, ಇದು ಬೇಕಾದವರು ಬಳಸಬಹುದಾದ ಅವಕಾಶ, ಯಾರ ಮೇಲೂ ಕಡ್ಡಾಯವಲ್ಲ, ತಮ್ಮ ವೈಯಕ್ತಿಕ ಕಾನೂನಿನಂತೆ ನಡೆಯುವವರು ಹಾಗೆಯೇ ನಡೆಯಬಹುದು ಎಂದೂ ಸ್ಪಷ್ಟಪಡಿಸಿತು. 2015ರ ಹೊಸ ಬಾಲನ್ಯಾಯ ಕಾಯ್ದೆಯಲ್ಲಿ ಸಂಬಂಧಿಕರ ಮಗುವನ್ನು ಸಂಬಂಧಿಕರೇ ದತ್ತು ಪಡೆಯುವ ಅವಕಾಶವನ್ನು ಬರೆದಿಟ್ಟಿದ್ದಾರೆ. ಅಲ್ಲಿ ‘ಸಂಬಂಧಿಕರು’ ಎಂದರೆ ತಂದೆಯ ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು, ಎರಡೂ ಕಡೆಯ ಅಜ್ಜ ಅಜ್ಜಿಯರು. ಹೆತ್ತವರ ಒಪ್ಪಿಗೆ ಬೇಕು. ಮಗುವಿಗೆ ಐದು ವರ್ಷ ತುಂಬಿದ್ದರೆ ಮಗುವಿನ ಒಪ್ಪಿಗೆಯೂ ಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇದರ ಮಾಹಿತಿ ಸಿಗುತ್ತದೆ.

ಮೊದಲು ಈ ದತ್ತು ಆದೇಶವನ್ನೂ ಕೋರ್ಟೇ ಕೊಡುತ್ತಿತ್ತು. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೇಲೆ ಆ ಅಧಿಕಾರ ಜಿಲ್ಲಾಧಿಕಾರಿಗೆ ಹೋಗಿದೆ. ಆದುದರಿಂದ ‘ದತ್ತು ಕೊಟ್ಟದ್ದನ್ನು ಫ್ಯಾಮಿಲಿ ಕೋರ್ಟಿನಲ್ಲಿ ಮುರಿಸುತ್ತೇವೆ’ ಎಂದು ಹೊರಡುವ ಸಂಬಂಧಿಕರು ಮೊದಲು ನೋಡಬೇಕಾದದ್ದು, ಆದೇಶ ಯಾವ ಕಾಯ್ದೆಯಲ್ಲಿ ಆಗಿದೆ ಎಂಬುದನ್ನು. ಜಿಲ್ಲಾಧಿಕಾರಿಯ ದತ್ತು ಆದೇಶದಿಂದ ಬಾಧಿತರಾದವರು 30 ದಿನಗಳೊಳಗೆ ವಿಭಾಗೀಯ ಆಯುಕ್ತರ ಮುಂದೆ ಮೇಲ್ಮನವಿ ಹಾಕಬೇಕು. ಅದನ್ನು ನಾಲ್ಕು ವಾರಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆಯಲ್ಲೇ ಇದೆ. ಕೌಟುಂಬಿಕ ನ್ಯಾಯಾಲಯದ ಅಂತಿಮ ಆದೇಶವಾದರೆ 30 ದಿನಗಳೊಳಗೆ ಹೈಕೋರ್ಟಿಗೆ ಹೋಗಬೇಕು.

ಸಂಬಂಧಿಕರ ಮಾತಿಗೆ ಕೋರ್ಟಿನಲ್ಲಿ ಬೆಲೆ ಎಷ್ಟು?

ನೆಂಟರಿಗೆ ಕೋರ್ಟಿನಲ್ಲಿ ಬಾಗಿಲೇ ಇಲ್ಲ ಎಂದು ಕೆಲವರು ತಿಳಿದಿದ್ದಾರೆ. ನೆಂಟರು ಹೇಳಿದ್ದೇ ಅಂತಿಮ ಎಂದು ಇನ್ನು ಕೆಲವರು ತಿಳಿದಿದ್ದಾರೆ. ಎರಡೂ ತಪ್ಪು.

1890ರ ಕಾಯ್ದೆಯಲ್ಲಿ ಮಗುವಿನ ಯಾವುದೇ ಸಂಬಂಧಿಕರು, ಹಿತೈಷಿಗಳು ಕೂಡ ಅರ್ಜಿ ಹಾಕಬಹುದು. ಬೇರೆಯವರು ಅರ್ಜಿ ಹಾಕಿದಾಗ ಹೆತ್ತವರಿಗೂ, ಮಗು ಯಾರ ಬಳಿ ಇದೆಯೋ ಅವರಿಗೂ ನೋಟಿಸ್ ಹೋಗುತ್ತದೆ. ತಿಳಿಸಬೇಕಾದವರು ಬೇರೆ ಯಾರಾದರೂ ಇದ್ದಾರೆಂದು ಕೋರ್ಟಿಗೆ ಕಂಡರೆ ಅವರಿಗೂ ಕಳಿಸಬಹುದು. ಪಾಲಕರಾಗಿ ನೇಮಕವಾದವರು ಮಗುವನ್ನು ಹಿಂಸಿಸಿದರೆ, ನಂಬಿಕೆಗೆ ದ್ರೋಹ ಮಾಡಿದರೆ ಅವರನ್ನು ತೆಗೆಯಲು ಆಮೇಲೆ ಅರ್ಜಿ ಹಾಕುವುದಕ್ಕೂ ಅವಕಾಶವಿದೆ. ಮಗುವಿನ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದ ಪಾಲಕರು ಕೋರ್ಟಿನ ಅನುಮತಿ ಇಲ್ಲದೆ ಮಗುವಿನ ಸ್ಥಿರಾಸ್ತಿ ಮಾರುವ ಹಾಗಿಲ್ಲ, ಅಡವಿಡುವ ಹಾಗಿಲ್ಲ.

ಆದರೆ ಬಂದವರೆಲ್ಲರಿಗೂ ನ್ಯಾಯಾಧೀಶರು ಕೇಳುವ ಪ್ರಶ್ನೆ ಒಂದೇ: ಈ ಮಗುವಿಗೆ ಒಳ್ಳೆಯದು ಯಾವುದು? ಮಗುವಿನ ವಯಸ್ಸು, ಗಂಡೋ ಹೆಣ್ಣೋ, ಧರ್ಮ, ಕೇಳಿ ಬಂದವರ ನಡತೆ ಮತ್ತು ಶಕ್ತಿ, ಸಂಬಂಧದ ಹತ್ತಿರ, ತೀರಿಕೊಂಡ ತಂದೆ ತಾಯಿಯ ಇಚ್ಛೆ, ಇವನ್ನೆಲ್ಲ ತೂಗಬೇಕೆಂದು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಬುದ್ಧಿ ಬಂದ ಮಗುವಾದರೆ ಅದರ ಇಚ್ಛೆಯನ್ನೂ ಪರಿಗಣಿಸಬಹುದು. ‘ನಾನು ಚಿಕ್ಕಪ್ಪ’, ‘ನಾನು ಮಾಮ’ ಎಂಬುದು ತಕ್ಕಡಿಯ ಒಂದು ಕಲ್ಲು ಮಾತ್ರ, ಇಡೀ ತಕ್ಕಡಿಯಲ್ಲ.

ಇನ್ನೊಂದು ಸೂಕ್ಷ್ಮವಿದೆ. ತಂದೆ ಬದುಕಿದ್ದು ಅಯೋಗ್ಯರಲ್ಲದಿದ್ದರೆ ಅವರನ್ನು ಬಿಟ್ಟು ಬೇರೆಯವರನ್ನು ಪಾಲಕರೆಂದು ನೇಮಿಸಲು ಕಾಯ್ದೆ ಒಪ್ಪುವುದಿಲ್ಲ. ಹಾಗಾದರೆ ದೊಡ್ಡಮ್ಮನ ಅರ್ಜಿ ಬಿದ್ದೇ ಹೋಗಬೇಕಲ್ಲ? ಅಲ್ಲಿಯೇ ವಕೀಲರು ನಮಗೆ ಒಂದು ಭೇದ ತಿಳಿಸಿದರು. ಪಾಲಕತ್ವ ಬೇರೆ, ಮಗು ಯಾರ ಮನೆಯಲ್ಲಿ ಇರಬೇಕೆಂಬ ಕಸ್ಟಡಿ ಬೇರೆ. 2010ರಲ್ಲಿ ನಮ್ಮದೇ ರಾಜ್ಯದ, ಬೆಂಗಳೂರಿನ ಒಂದು ಮುಸ್ಲಿಂ ಕುಟುಂಬದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ತಾಯಿ ತೀರಿಕೊಂಡಿದ್ದರು, ತಂದೆ ಮರುಮದುವೆಯಾಗಿದ್ದರು. ತಾಯಿಯ ಕಡೆಯ ಅಜ್ಜ ಮತ್ತು ಇತರರು ಮಕ್ಕಳನ್ನು ತಮ್ಮ ಬಳಿ ಇಟ್ಟುಕೊಳ್ಳಲು ಕೇಳಿದ್ದರು. ತಂದೆ ಪಾಲಕರು ಹೌದು, ಆದರೂ ಪ್ರಕರಣ ಮುಗಿಯುವವರೆಗೆ ಮಕ್ಕಳು ತಾಯಿಯ ಕಡೆಯವರ ಬಳಿಯೇ ಇರುವುದು ಮಕ್ಕಳಿಗೆ ಒಳ್ಳೆಯದು ಎಂದು ಸುಪ್ರೀಂ ಕೋರ್ಟ್ ಒಪ್ಪಿತು. 2024ರ ಮಾರ್ಚ್‌ನಲ್ಲಿ ಒಡಿಶಾ ಹೈಕೋರ್ಟಿನಿಂದ ಮೇಲೆ ಹೋದ ಇನ್ನೊಂದು ಪ್ರಕರಣದಲ್ಲಿ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಕೂಸಾಗಿದ್ದಾಗಿನಿಂದ ಸಂಬಂಧಿಕರು ಸಾಕಿದ್ದರು. ತಂದೆ ವಾಪಸ್ ಕೇಳಿದರು. ಮುಸ್ಲಿಂ ಕಾನೂನಿನಲ್ಲಿ ದತ್ತು ಇಲ್ಲ ಎಂಬ ವಾದವೂ ಬಂತು. ಅಷ್ಟರಲ್ಲಿ ಹುಡುಗಿಗೆ ಸುಮಾರು ಹದಿನಾಲ್ಕು ವರ್ಷವಾಗಿತ್ತು. ಆಕೆಯ ಇಚ್ಛೆಯನ್ನೂ ಬೆಳೆದ ಮನೆಯನ್ನೂ ಪರಿಗಣಿಸಿ, ಸಾಕಿದವರ ಬಳಿಯೇ ಇರಲಿ ಎಂದು ಕೋರ್ಟು ತೀರ್ಪು ನೀಡಿತು.

ಹಂಝ(ರ)ರ ಮಗಳಿಗಾಗಿ ನಡೆದ ವಾದ

ಇದೆಲ್ಲ ಸರಕಾರದ ಕಾನೂನು, ದೀನ್ ಏನು ಹೇಳುತ್ತದೆ ಎಂದು ಕೇಳುವವರಿದ್ದಾರೆ. ಮದ್ರಸದಲ್ಲಿ ನಾವು ಮಕ್ಕಳಿಗೆ ಹೇಳುವ ಒಂದು ಘಟನೆಯನ್ನು ದೊಡ್ಡವರಿಗೂ ನೆನಪಿಸಬೇಕಾಗಿದೆ.

ಹಿಜರಿ ಏಳನೇ ವರ್ಷ. ಪ್ರವಾದಿ ಮುಹಮ್ಮದ್(ಸ)ರು ಉಮ್ರಾ ಮುಗಿಸಿ ಮಕ್ಕಾದಿಂದ ಹೊರಟಿದ್ದಾರೆ. ಉಹುದಿನಲ್ಲಿ ಶಹೀದರಾದ ಹಂಝ(ರ)ರ ಪುಟ್ಟ ಮಗಳು ಚಿಕ್ಕಪ್ಪಾ ಎಂದು ಕೂಗುತ್ತಾ ಹಿಂದಿನಿಂದ ಓಡಿ ಬರುತ್ತಾಳೆ. ಅಲಿ(ರ) ಆಕೆಯ ಕೈ ಹಿಡಿದು ಫಾತಿಮಾ(ರ)ರಿಗೆ ಒಪ್ಪಿಸುತ್ತಾರೆ. ಆಮೇಲೆ ಆ ಮಗುವಿಗಾಗಿ ಮೂವರು ವಾದಕ್ಕೆ ನಿಲ್ಲುತ್ತಾರೆ. ಅಲಿ(ರ) ಹೇಳುತ್ತಾರೆ: ಕರೆತಂದವನು ನಾನು, ಚಿಕ್ಕಪ್ಪನ ಮಗಳು. ಜಅ್‌ಫರ್(ರ) ಹೇಳುತ್ತಾರೆ: ನನಗೂ ಚಿಕ್ಕಪ್ಪನ ಮಗಳೇ, ಮೇಲಾಗಿ ಆಕೆಯ ತಾಯಿಯ ಸಹೋದರಿ ನನ್ನ ಪತ್ನಿ. ಝೈದ್(ರ) ಹೇಳುತ್ತಾರೆ: ಹಂಝರನ್ನೂ ನನ್ನನ್ನೂ ಪ್ರವಾದಿಯವರು ಸಹೋದರರನ್ನಾಗಿ ಮಾಡಿದ್ದರು, ಆಕೆ ನನ್ನ ಸಹೋದರನ ಮಗಳು.

ಪ್ರವಾದಿ(ಸ)ರು ಮಗುವನ್ನು ತಾಯಿಯ ಸಹೋದರಿ ಇದ್ದ ಮನೆಗೆ ಕೊಟ್ಟರು. ತಾಯಿಯ ಸಹೋದರಿಗೆ ತಾಯಿಯ ಸ್ಥಾನವಿದೆ ಎಂದರು. ಅಷ್ಟಕ್ಕೇ ಮುಗಿಸಲಿಲ್ಲ. ಅಲಿಯವರಿಗೂ ಝೈದರಿಗೂ ಜಅ್‌ಫರರಿಗೂ ಒಬ್ಬೊಬ್ಬರಿಗೆ ಒಂದೊಂದು ಪ್ರೀತಿಯ ಮಾತು ಹೇಳಿದರು. ಮಗು ಸಿಗದವರು ಕೂಡ ಮುಖ ಬಾಡಿಸಿಕೊಂಡು ಎದ್ದು ಹೋಗಲಿಲ್ಲ.

ಝೈದ್(ರ)ರ ಬದುಕೂ ಇಂಥದ್ದೇ ಒಂದು ಪ್ರಕರಣ. ಬಾಲ್ಯದಲ್ಲಿ ಅಪಹರಣವಾಗಿ ಮಕ್ಕಾ ಸೇರಿದವರು. ತಂದೆ ಹಾರಿಸ ಮತ್ತು ಚಿಕ್ಕಪ್ಪ ಹುಡುಕಿಕೊಂಡು ಬಂದು, ಹಣ ಕೊಟ್ಟು ಬಿಡಿಸಿಕೊಳ್ಳುತ್ತೇವೆ ಎಂದರು. ಪ್ರವಾದಿ(ಸ)ರು ಹಣ ಕೇಳಲಿಲ್ಲ, ಆಯ್ಕೆಯನ್ನು ಝೈದರಿಗೇ ಬಿಟ್ಟರು. ಅವರು ಪ್ರವಾದಿಯವರ ಬಳಿಯೇ ಉಳಿದರು. ಮುಂದೆ ವಚನ ಅವತೀರ್ಣವಾದಾಗ ‘ಝೈದ್ ಬಿನ್ ಮುಹಮ್ಮದ್’ ಎಂಬ ಹೆಸರು ಮತ್ತೆ ‘ಝೈದ್ ಬಿನ್ ಹಾರಿಸ’ ಆಯಿತು. ಹೆಸರು ಬದಲಾಯಿತು, ಪ್ರೀತಿ ಒಂದಿಷ್ಟೂ ಕಡಿಮೆಯಾಗಲಿಲ್ಲ. ಸಾಕಿದ ಮಗುವಿಗೆ ಸತ್ಯ ಹೇಳಿದರೆ ಪ್ರೀತಿ ಹೋದೀತೆಂದು ಹೆದರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಆ ವಾದಗಳಿಗೂ ನಮ್ಮ ವಾದಗಳಿಗೂ ಒಂದು ವ್ಯತ್ಯಾಸವಿದೆ. ಹಂಝ(ರ)ರ ಮಗಳಿಗಾಗಿ ಮೂವರು ನಿಂತದ್ದು ಹೊರೆ ಹೊರಲು. ಅನಾಥ ಮಗುವನ್ನು ಸಾಕುವ ಪುಣ್ಯ ತನಗೆ ಸಿಗಲಿ ಎಂದು. ನಮ್ಮ ಜಮಾಅತ್ ಸಭೆಗಳಲ್ಲಿ ಮಗುವಿನ ಮಾತು ಶುರುವಾಗಿ ಹತ್ತು ನಿಮಿಷದಲ್ಲಿ ಅಂಗಡಿ ಕೋಣೆಯ ಬಾಡಿಗೆಗೆ ಬಂದು ಮುಟ್ಟುತ್ತದೆ.

ನಮ್ಮ ರಿಜಿಸ್ಟರ್ ಕೋರ್ಟಿಗೆ ಹೋದ ದಿನ

ಪ್ರಕರಣ ನಡೆಯುತ್ತಿರುವಾಗ ಒಂದು ಸಂಜೆ ದೊಡ್ಡಮ್ಮ ತನ್ನ ಅಣ್ಣನ ಜೊತೆ ಮದ್ರಸಕ್ಕೆ ಬಂದರು. ಬುರ್ಖಾದ ಒಳಗಿಂದ ದನಿ ನಡುಗುತ್ತಿತ್ತು. ‘ಉಸ್ತಾದ್, ಶಾಲೆಯ ದಾಖಲೆ ಇದೆ, ನಿಮ್ಮ ರಿಜಿಸ್ಟರೂ ಇದೆ. ಎರಡರಲ್ಲೂ ತಂದೆ ಎಂದು ಇವರ ಹೆಸರೇ ಇದೆ. ಅದರ ನಕಲು ಕೊಡಿ. ಅಂಗಡಿ ಕೋಣೆಯಾದರೂ ಮಗಳಿಗೆ ಉಳಿಯಲಿ. ಅವರ ಇಚ್ಛೆ ಅದೇ ಅಲ್ಲವಾ?’

ಇಚ್ಛೆ ಅದೇ ಆಗಿತ್ತು. ನಮಗೆ ಗೊತ್ತಿತ್ತು. ಆದರೆ ಜನನ ಪ್ರಮಾಣಪತ್ರದಲ್ಲಿ ಹೆತ್ತ ತಂದೆಯ ಹೆಸರಿತ್ತು, ಆ ತಂದೆ ಎದುರಿಗೇ ಇದ್ದರು. ನಾವು ಬರೆದದ್ದು ಸುಳ್ಳು, ಅದು ನಮಗೇ ಗೊತ್ತಿರುವ ಸುಳ್ಳು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಒಂದು ಕಡೆ ಯತೀಮಳಂತೆ ಆದ ಹುಡುಗಿ, ಇನ್ನೊಂದು ಕಡೆ ವಾರಸುದಾರರ ಹಕ್ಕು. ಮಗುವಿನ ಮೇಲಿನ ಕನಿಕರದಿಂದ ಬರೆದ ಒಂದು ಸಾಲು ಬೇರೆಯವರ ಹಕ್ಕಿಗೆ ಕೈಹಾಕುವ ಹತಾರವಾಗಿಬಿಟ್ಟಿತ್ತು.

ಮರುದಿನ ನಾವು ಅವರಿಗೆ ಹೇಳಿದೆವು: ‘ತಾಯೀ, ನಕಲು ಕೊಡುತ್ತೇವೆ. ಅದರ ಜೊತೆ, ಈ ಸಾಲು ತಪ್ಪಾಗಿ ಬರೆದದ್ದು ಎಂದು ನಮ್ಮ ಸಹಿ ಹಾಕಿದ ಪತ್ರವನ್ನೂ ಕೊಡುತ್ತೇವೆ.’ ಅವರು ಏನೂ ಹೇಳದೆ ಎದ್ದು ಹೋದರು. ಆರು ತಿಂಗಳು ನಮಗೆ ಸಲಾಂ ಹೇಳಲಿಲ್ಲ. ತಪ್ಪು ಅವರದ್ದಲ್ಲ. ಮೊದಲ ದಿನವೇ ನಾವು ಸರಿಯಾಗಿ ಬರೆದು, ‘ಮಗುವಿಗೆ ಏನಾದರೂ ಕೊಡುವುದಿದ್ದರೆ ಜೀವವಿರುವಾಗಲೇ ಕೊಟ್ಟುಬಿಡಿ’ ಎಂದು ಆ ವ್ಯಾಪಾರಿಗೆ ಹೇಳಿದ್ದರೆ ಸಾಕಿತ್ತು. ಆರು ವರ್ಷ ಅವರು ನಮ್ಮ ಪಕ್ಕದಲ್ಲೇ ನಮಾಝ್ ಮಾಡಿದರು. ನಾವು ಒಮ್ಮೆಯೂ ಹೇಳಲಿಲ್ಲ.

ಅಂಗಡಿ ಕೋಣೆಗಳು ಶರೀಅತಿನಂತೆ ಪಾಲಾದವು. ಮಕ್ಕಳಿಲ್ಲದವರ ವಿಧವೆಗೆ ನಾಲ್ಕನೇ ಒಂದು ಪಾಲು, ಉಳಿದದ್ದು ಅಣ್ಣತಮ್ಮಂದಿರಿಗೆ. ಹುಡುಗಿಗೆ ಏನೂ ಇಲ್ಲ. ಪಾಲು ಹಂಚುವ ಜಾಗಕ್ಕೆ ಬಂದ ಬಂಧುಗಳಿಗೂ ಅನಾಥರಿಗೂ ಏನಾದರೂ ಕೊಟ್ಟು ಒಳ್ಳೆಯ ಮಾತಾಡಿ ಎಂದು ಅನ್ನಿಸಾಅ್ ಅಧ್ಯಾಯದ ಎಂಟನೇ ವಚನದಲ್ಲಿದೆ. ಅದನ್ನು ನಾವು ಓದಿ ಹೇಳಿದಾಗ ಕಿರಿಯ ತಮ್ಮನೊಬ್ಬರು ಹುಡುಗಿಯ ಓದಿಗೆಂದು ತನ್ನ ಪಾಲಿನಿಂದ ಒಂದಿಷ್ಟು ಕೊಟ್ಟರು. ಅದು ಆಕೆಯ ಹಕ್ಕಲ್ಲ, ಅವರ ದೊಡ್ಡ ಮನಸ್ಸು.

ಕಸ್ಟಡಿಯ ವಿಷಯ ಬೇರೆ ರೀತಿಯಲ್ಲಿ ಮುಗಿಯಿತು. ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಸಲಹೆಗಾರರು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದರು. ನ್ಯಾಯಾಧೀಶರು ಹುಡುಗಿಯನ್ನು ಒಬ್ಬಳನ್ನೇ ತಮ್ಮ ಕೊಠಡಿಗೆ ಕರೆದು ಮಾತಾಡಿದರು. ಒಳಗೆ ಆಕೆ ಏನು ಹೇಳಿದಳೋ ನಮಗೆ ಗೊತ್ತಿಲ್ಲ. ಹೊರಗೆ ಬಂದವಳು ದೊಡ್ಡಮ್ಮನ ಕೈ ಹಿಡಿದು, ತಂದೆಯ ಕಡೆ ತಿರುಗಿ, ‘ನೀವು ಇಷ್ಟು ವರ್ಷ ಎಂತಕ್ಕೆ ಬರಲಿಲ್ಲ?’ ಎಂದು ಕೇಳಿದಳು. ಆ ಮನುಷ್ಯ ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಅತ್ತರು. ಅವರು ಕೆಟ್ಟವರಲ್ಲ. ‘ಮಗುವಿಗೆ ಗೊತ್ತಾಗಬಾರದು, ನೀನು ಬರಬೇಡ’ ಎಂದು ಅವರಿಗೂ ಮೊದಲೇ ಹೇಳಿಬಿಟ್ಟಿದ್ದರಂತೆ. ನಮ್ಮೆಲ್ಲರ ಮೌನ ಆ ತಂದೆಗೂ ಅನ್ಯಾಯ ಮಾಡಿತ್ತು.

ಎರಡು ತಿಂಗಳ ಮೇಲೆ ರಾಜಿಯಾಯಿತು. ವಲೀ ತಂದೆಯೇ. ಮಗು ದೊಡ್ಡಮ್ಮನ ಮನೆಯಲ್ಲೇ ಇರುವುದು. ತಿಂಗಳಿಗೆರಡು ಶುಕ್ರವಾರ ಜುಮಾದ ನಂತರ ತಂದೆ ಬಂದು ನೋಡುವುದು, ರಜೆಯಲ್ಲಿ ಮಗು ಅವರ ಮನೆಗೆ ಹೋಗುವುದು. ಶಾಲೆಯ ಫೀಸು ತಂದೆಯದು. ಮಕ್ಕಳ ವಿಷಯದ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಸಂದರ್ಭ ಬದಲಾದರೆ ಮತ್ತೆ ಕೋರ್ಟನ್ನು ಕೇಳಬಹುದು ಎಂದು ವಕೀಲರು ಎರಡೂ ಕಡೆಗೂ ತಿಳಿಸಿದರು.

ಮಗುವನ್ನು ಸಾಕುತ್ತಿರುವ ಮನೆಗಳಿಗೆ

ನಮ್ಮ ಅನುಭವದಿಂದ ಕೆಲವು ಮಾತು.

ಮೊದಲನೆಯದು, ಮಗುವಿಗೆ ಸಣ್ಣದಿರುವಾಗಲೇ ಸತ್ಯ ಹೇಳಿ. ಕೋರ್ಟಿನ ವರಾಂಡದಲ್ಲಿ ಗೊತ್ತಾಗುವುದಕ್ಕಿಂತ ಉಮ್ಮನ ಮಡಿಲಲ್ಲಿ ಗೊತ್ತಾಗಲಿ. ಹೆತ್ತವರು ಬದುಕಿದ್ದರೆ ಬಂದು ಹೋಗುವ ದಾರಿ ಮುಚ್ಚಬೇಡಿ.

ಎರಡನೆಯದು, ಶಾಲೆ, ಆಧಾರ್, ಮದ್ರಸ ಎಲ್ಲ ಕಡೆ ತಂದೆಯ ಕಾಲಂನಲ್ಲಿ ತಂದೆಯ ಹೆಸರು, ಪಾಲಕರ ಕಾಲಂನಲ್ಲಿ ಸಾಕುವವರ ಹೆಸರು ಬರೆಸಿ. ಜನನ ಪ್ರಮಾಣಪತ್ರದಲ್ಲಿ ಒಂದು, ಶಾಲೆಯಲ್ಲಿ ಒಂದು ಇದ್ದರೆ ಪಾಸ್‌ಪೋರ್ಟ್ ಮಾಡಿಸುವಾಗಲೂ ನಿಕಾಹ್ ವೇಳೆಯಲ್ಲೂ ತೊಂದರೆ ತಪ್ಪಿದ್ದಲ್ಲ. ಹುಡುಗಿಯ ನಿಕಾಹಿಗೆ ವಲೀ ಯಾರು ಎಂಬ ಪ್ರಶ್ನೆ ಆ ದಿನ ಖಂಡಿತ ಬರುತ್ತದೆ.

ಮೂರನೆಯದು, ಆಸ್ತಿ. ಸಾಕಿದ ಮಗುವಿಗೆ ಮೀರಾಸ್ ಇಲ್ಲ, ಆದರೆ ಕೊಡುವ ದಾರಿಗಳು ಧಾರಾಳ ಇವೆ. ಬದುಕಿರುವಾಗ ಹಿಬಾ ಮಾಡಬಹುದು. ಕೊಡುವೆನೆಂದು ಹೇಳುವುದು, ಪಡೆಯುವವರು ಒಪ್ಪುವುದು, ಸ್ವಾಧೀನ ಬಿಟ್ಟುಕೊಡುವುದು ಮೂರೂ ಆಗಬೇಕು. ಬಾಯಿಮಾತಿನ ಹಿಬಾವನ್ನೂ ಕಾನೂನು ಒಪ್ಪುತ್ತದೆ, ಆದರೂ ಬರೆದು ನೋಂದಣಿ ಮಾಡಿಸುವುದು ಜಾಣತನ. ಮಗು ಸಣ್ಣದಾದರೆ ಅದರ ಪರವಾಗಿ ಸ್ವಾಧೀನ ಯಾರು ಪಡೆಯಬೇಕೆಂದು ವಕೀಲರಲ್ಲಿ ಕೇಳಿಯೇ ಮಾಡಿ. ಇಲ್ಲವಾದರೆ ವಸಿಯ್ಯತ್ ಬರೆಯಬಹುದು. ವಾರಸುದಾರರಲ್ಲದವರಿಗೆ ಸಾಲ ಕಳೆದು ಉಳಿದ ಆಸ್ತಿಯ ಮೂರನೇ ಒಂದು ಭಾಗದವರೆಗೆ ಯಾರ ಒಪ್ಪಿಗೆಯೂ ಬೇಡ. ಮಸೀದಿ ಜಗಲಿಯಲ್ಲಿ ಹೇಳಿದ ‘ಅದು ಮಗಳಿಗೆ’ ಎಂಬ ಮಾತು ಹಿಬಾವೂ ಅಲ್ಲ, ಕೋರ್ಟಿನಲ್ಲಿ ನಿಲ್ಲುವ ವಸಿಯ್ಯತೂ ಅಲ್ಲ.

ನಾಲ್ಕನೆಯದು, ಮಹ್ರಮ್ ವಿಷಯ. ಕೂಸಾಗಿರುವಾಗಲೇ ಉಸ್ತಾದರನ್ನು ಕೇಳಿ. ಎರಡು ವರ್ಷದೊಳಗೆ ಸ್ತನಪಾನದ ಸಂಬಂಧ ಆದರೆ ಅದಕ್ಕೆ ಪರಿಹಾರ ಸಿಗಬಹುದು. ನಮ್ಮ ಶಾಫಿಈ ಮದ್‌ಹಬಿನಲ್ಲಿ ಐದು ಸಲ ಹಾಲುಣಿಸಿರಬೇಕು. ಮಗು ದೊಡ್ಡದಾದ ಮೇಲೆ ಬಂದು ಕೇಳಿದರೆ ನಮ್ಮ ಬಳಿ ಉತ್ತರವಿರುವುದಿಲ್ಲ.

ಐದನೆಯದು, ಆಸ್ಪತ್ರೆಯಲ್ಲಿ ಯಾರೋ ಬಿಟ್ಟುಹೋದ ಮಗುವನ್ನು, ದಲ್ಲಾಳಿಗಳ ಮೂಲಕ ಸಿಕ್ಕಿದ ಮಗುವನ್ನು ‘ಪುಣ್ಯ’ ಎಂದು ಮನೆಗೆ ತರಬೇಡಿ. ಅನಾಥ, ತೊರೆದ, ಒಪ್ಪಿಸಿದ ಮಕ್ಕಳನ್ನು ಕಾಯ್ದೆಯ ಕ್ರಮ ಬಿಟ್ಟು ದತ್ತು ಕೊಟ್ಟರೆ, ಪಡೆದರೆ ಮೂರು ವರ್ಷದವರೆಗೆ ಜ.ೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. 1098ಕ್ಕೆ ಫೋನ್ ಮಾಡಿ, ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ.

ಇನ್ನು ತಕರಾರು ಹಾಕಲು ಹೊರಟ ಸಂಬಂಧಿಕರಿಗೆ ಒಂದು ಮಾತು. ಮಗುವಿಗೆ ಆ ಮನೆಯಲ್ಲಿ ನಿಜವಾಗಿ ತೊಂದರೆಯಿದ್ದರೆ ಖಂಡಿತ ಹೋಗಿ, ಅದು ನಿಮ್ಮ ಕರ್ತವ್ಯ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಆದರೆ ಆಸ್ತಿಯ ಜಗಳವನ್ನು ಮಗುವಿನ ಹೆಸರಿನಲ್ಲಿ ಆಡಬೇಡಿ. ಅದನ್ನು ಆಸ್ತಿಯ ಹೆಸರಿನಲ್ಲೇ, ಅದರದೇ ಕೋರ್ಟಿನಲ್ಲಿ ಆಡಿ.

ಜಮಾಅತ್ ಕಮಿಟಿಗಳೂ ಒಂದು ಕೆಲಸ ಮಾಡಬಹುದು. ಜಮಾಅತಿನಲ್ಲಿ ಎಷ್ಟು ಮನೆಗಳಲ್ಲಿ ಸಂಬಂಧಿಕರ ಮಕ್ಕಳು ಬೆಳೆಯುತ್ತಿದ್ದಾರೆ ಎಂದು ಖತೀಬರಿಗೂ ಉಸ್ತಾದರಿಗೂ ಗೊತ್ತೇ ಇರುತ್ತದೆ. ಮೌತಾದ ಮೇಲೆ ಕೂರಿಸುವ ಸಭೆಯನ್ನು ಹಯಾತಿರುವಾಗಲೇ ಒಮ್ಮೆ ಕೂರಿಸಿ, ಕಾಗದ ಮಾಡಿಸಿಕೊಟ್ಟರೆ ಅರ್ಧ ಪ್ರಕರಣಗಳು ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ.

ಕಳೆದ ಶವ್ವಾಲಿನಲ್ಲಿ ನಮ್ಮ ಮದ್ರಸಕ್ಕೆ ಹೊಸ ರಿಜಿಸ್ಟರ್ ತಂದೆವು. ಅದರಲ್ಲಿ ಸ್ಕೇಲಿನಿಂದ ಗೆರೆ ಎಳೆದು ಒಂದು ಕಾಲಂ ಹೆಚ್ಚು ಮಾಡಿದ್ದೇವೆ: ‘ಮಗುವನ್ನು ಸಾಕುತ್ತಿರುವವರು’. ಆ ಹುಡುಗಿ ಈಗ ಮೇಲಿನ ತರಗತಿಯಲ್ಲಿದ್ದಾಳೆ, ಅಕ್ಷರ ಚೆಂದ. ತನ್ನ ತರಗತಿಯ ಪುಟವನ್ನು ಆಕೆಯೇ ತುಂಬಿಸಿಕೊಟ್ಟಳು. ತನ್ನ ಹೆಸರಿನ ಮುಂದೆ ತಂದೆಯ ಕಾಲಂನಲ್ಲಿ ತಂದೆಯ ಹೆಸರು ಬರೆದಳು. ಹೊಸ ಕಾಲಂನಲ್ಲಿ ದೊಡ್ಡಮ್ಮನ ಹೆಸರು ಬರೆದಳು. ಆಮೇಲೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು, ‘ಉಸ್ತಾದ್, ತೀರಿಕೊಂಡವರ ಹೆಸರೂ ಇದರಲ್ಲಿ ಬರೆಯಬಹುದಾ?’ ಎಂದು ಕೇಳಿದಳು.

ಬರೆಯಬಹುದು ಎಂದೆವು.